ಹಡಗು ಹತ್ತಿದ ಸ್ಟೀಲ್ ಫಿಲ್ಟರ್: ಏಳು ತಿಂಗಳ ಬಳಕೆಯ ನಂತರ

ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಸಮೀಪದ ಪಾತ್ರೆ ಅಂಗಡಿಯೊಂದರಲ್ಲಿ 2023ರ ಸೆಪ್ಟೆಂಬರಿನಲ್ಲಿ 420 ರೂಪಾಯಿ ಕೊಟ್ಟು ಕೊಂಡ ಸ್ಟೀಲ್ ಕಾಫಿ ಫಿಲ್ಟರಿನ ವಿಮರ್ಶೆ ಇದು. ನಾಲ್ಕು ಲೋಟದ ಅಳತೆಯದು. ತಳದಲ್ಲಿ ಸಣ್ಣ ತೂತುಗಳಿರುವ ಮೇಲಿನ ಪಾತ್ರೆ, ಡಿಕಾಕ್ಷನ್ ಇಳಿಯುವ ಕೆಳಗಿನ ಪಾತ್ರೆ, ಪುಡಿಯನ್ನು ಒತ್ತಿ ಹಿಡಿಯುವ ಕಡ್ಡಿಯುಳ್ಳ ಬಿಲ್ಲೆ, ಒಂದು ಮುಚ್ಚಳ, ಇಷ್ಟೇ ಅದರ ಭಾಗಗಳು. ನಮ್ಮ ಜಿಲ್ಲೆಯ ಯಾವ ಮನೆಯಲ್ಲೂ ಇರುವ ಇಂಥ ವಸ್ತುವಿಗೆ ವಿಮರ್ಶೆಯ ಅಗತ್ಯವಿದೆಯೇ ಎಂದು ಕೇಳುವವರು ಇರಬಹುದು. ಆದರೆ ನಾನು ಇದನ್ನು ಬಳಸಿದ್ದು ಮನೆಯಲ್ಲಲ್ಲ. ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ದೇಶದ ರಾಜಧಾನಿ ಫ್ರೀಟೌನಿನ ಬಂದರಿನಲ್ಲಿ ನಿಂತಿದ್ದ ಆಸ್ಪತ್ರೆ ಹಡಗಿನಲ್ಲಿ ಸ್ವಯಂಸೇವಕಿಯಾಗಿ ಏಳು ತಿಂಗಳು ದುಡಿದಾಗ ಇದು ನನ್ನೊಡನಿತ್ತು. ಅಲ್ಲಿಗೆ ಹೊರಡುವ ಆಲೋಚನೆಯಲ್ಲಿರುವ ಹಾಸನ, ಚಿಕ್ಕಮಗಳೂರಿನ ನರ್ಸಿಂಗ್ ಗೆಳತಿಯರು ಪೆಟ್ಟಿಗೆಯಲ್ಲಿ ಏನೇನು ಇಟ್ಟುಕೊಳ್ಳಬೇಕೆಂದು ಆಗಾಗ ಕೇಳುತ್ತಾರೆ. ನಾನು ಬಟ್ಟೆಬರೆಗಿಂತ ಮೊದಲು ಹೇಳುವ ವಸ್ತು ಈ ಫಿಲ್ಟರ್ ಆಗಿರುವುದರಿಂದ, ಅದರ ಗುಣವನ್ನೂ ದೋಷವನ್ನೂ ವಿವರವಾಗಿ ಬರೆದಿಡುವುದು ನ್ಯಾಯವೆನಿಸಿತು.

ವಸ್ತು ಎಲ್ಲಿ ಬಳಕೆಯಾಯಿತು ಎಂಬುದನ್ನು ತಿಳಿಯದೆ ಅದರ ಬೆಲೆ ಕಟ್ಟಲಾಗದು. 1978ರಲ್ಲಿ ಆರಂಭವಾದ ಮರ್ಸಿ ಶಿಪ್ಸ್ ಎಂಬ ಕ್ರೈಸ್ತ ಸೇವಾ ಸಂಸ್ಥೆಯ 'ಗ್ಲೋಬಲ್ ಮರ್ಸಿ' ಹಡಗು ಸುಮಾರು 174 ಮೀಟರ್ ಉದ್ದವಿದ್ದು, ಹನ್ನೆರಡು ಅಂತಸ್ತುಗಳನ್ನೂ ಆರು ಶಸ್ತ್ರಚಿಕಿತ್ಸಾ ಕೊಠಡಿಗಳನ್ನೂ ಹೊಂದಿದೆ. ಅದು 2023ರ ಆಗಸ್ಟಿನಲ್ಲಿ ಫ್ರೀಟೌನಿಗೆ ಬಂದಿತ್ತು. ನಾನು ಸೇರಿದ್ದು ಅಕ್ಟೋಬರಿನಲ್ಲಿ. ಅಲ್ಲಿ ದುಡಿಯುವ ಸ್ವಯಂಸೇವಕರಿಗೆ ಸಂಬಳವಿಲ್ಲ. ದೇಶದೇಶಗಳಿಂದ ಬಂದ ವೈದ್ಯರು, ದಾದಿಯರು, ಅಡುಗೆಯವರು, ಎಂಜಿನ್ ಕೋಣೆಯವರು ಎಲ್ಲರೂ ಸ್ವಂತ ಖರ್ಚಿನಲ್ಲಿ ಬಂದವರು. ಹಡಗು ತಿಂಗಳುಗಟ್ಟಲೆ ಒಂದೇ ಬಂದರಿನಲ್ಲಿ ಕಟ್ಟಿಹಾಕಿಕೊಂಡು ನಿಂತಿರುವುದರಿಂದ ಅಲುಗಾಟ ಬಹಳ ಕಡಿಮೆ. ಮೇಜಿನ ಮೇಲಿಟ್ಟ ಫಿಲ್ಟರ್ ಒಂದು ದಿನವೂ ಉರುಳಿಬೀಳಲಿಲ್ಲ. ಆದರೆ ಹಡಗಿನಲ್ಲಿ ಬೆಂಕಿಯ ಭಯ ಎಲ್ಲಕ್ಕಿಂತ ದೊಡ್ಡದು. ಕ್ಯಾಬಿನ್ನಿನಲ್ಲಿ ಒಲೆ, ಕಾಯಿಸುವ ಸುರುಳಿ ಮುಂತಾದವನ್ನು ಇಟ್ಟುಕೊಳ್ಳುವಂತಿಲ್ಲ. ಅಗ್ನಿ ಅವಘಡದ ಅಣಕು ಕಸರತ್ತಿಗೆ ಗಂಟೆ ಬಾರಿಸಿದರೆ ಕೈಯಲ್ಲಿರುವುದನ್ನು ಬಿಟ್ಟು ನಿಗದಿತ ಸ್ಥಳದಲ್ಲಿ ಹೋಗಿ ನಿಲ್ಲಬೇಕು.

ನಮ್ಮ ಫಿಲ್ಟರಿನ ಮೊದಲ ಗುಣ ತಿಳಿದದ್ದು ಈ ಕಟ್ಟುಪಾಡಿನಿಂದಲೇ. ಅದಕ್ಕೆ ಬೆಂಕಿ ಬೇಡ, ವಿದ್ಯುತ್ತು ಬೇಡ, ಕಾಗದದ ಸೋಸುಹಾಳೆ ಬೇಡ. ಊಟದ ಕೋಣೆಯಲ್ಲಿ ದಿನವಿಡೀ ಸಿಗುವ ಬಿಸಿನೀರು ಸಾಕು. ಇಟಲಿಯವರು ಬಳಸುವ ಮೋಕಾ ಪಾತ್ರೆಗೆ ಒಲೆಯಿರಲೇಬೇಕು. ನನ್ನ ಕ್ಯಾಬಿನ್ನಿನ ಒಬ್ಬಾಕೆ ತಂದಿದ್ದ ಗಾಜಿನ ಫ್ರೆಂಚ್ ಪ್ರೆಸ್ ಎರಡನೇ ವಾರದಲ್ಲೇ ಒಡೆಯಿತು. ಹಡಗಿನ ಕೆಫೆಯಲ್ಲಿ ಒಳ್ಳೆಯ ಎಸ್ಪ್ರೆಸೊ ಯಂತ್ರವೇ ಇತ್ತು, ಅಲ್ಲಿನ ಕಾಫಿಯೂ ರುಚಿಯಾಗಿತ್ತು. ಆದರೆ ಯಂತ್ರದ ಕಾಫಿ ಒಂದು ನಿಮಿಷದಲ್ಲಿ ಸಿದ್ಧವಾಗಿ, ತೆಗೆದುಕೊಂಡವರು ಅವರವರ ದಾರಿ ಹಿಡಿಯುತ್ತಾರೆ. ಫಿಲ್ಟರಿನ ಡಿಕಾಕ್ಷನ್ ಇಳಿಯಲು ಇಪ್ಪತ್ತೈದು ನಿಮಿಷ ಬೇಕು. ಅಪರಿಚಿತರು ಪರಿಚಿತರಾಗಲು ಆ ಇಪ್ಪತ್ತೈದು ನಿಮಿಷ ಬೇಕಾಗಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು. ಈ ವಿಮರ್ಶೆಯಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದೂ ಅದನ್ನೇ.

ಪುಡಿಯ ವಿಷಯ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಒಂದೇ ಫಿಲ್ಟರ್ ಎರಡು ಪುಡಿಗಳಿಗೆ ಎರಡು ರೀತಿ ವರ್ತಿಸಿತು. ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಪುಡಿ ಅಂಗಡಿಯಲ್ಲಿ ಕಣ್ಣೆದುರೇ ಹುರಿಸಿ ಬೀಸಿಸಿಕೊಂಡ ಎರಡು ಕಿಲೋ ಪುಡಿಯನ್ನು ಕಾಲು ಕಿಲೋದ ಎಂಟು ಪೊಟ್ಟಣಗಳಾಗಿ ಕಟ್ಟಿಸಿ ಒಯ್ದಿದ್ದೆ. ಐದು ಪೊಟ್ಟಣಗಳಲ್ಲಿ ನೂರಕ್ಕೆ ಇಪ್ಪತ್ತು ಪಾಲು ಚಿಕೋರಿ, ಮೂರರಲ್ಲಿ ನಲವತ್ತು ಪಾಲು. ಮಿಶ್ರಣದಲ್ಲಿ ಕಾಫಿಯ ಪಾಲು ನೂರಕ್ಕೆ 51ಕ್ಕಿಂತ ಕಡಿಮೆಯಿರಬಾರದೆಂದು ನಮ್ಮ ಆಹಾರ ನಿಯಮವೇ ಹೇಳುವುದರಿಂದ ಎರಡೂ ಸಕ್ರಮ ಪುಡಿಗಳೇ. ಆದರೆ ಚಿಕೋರಿ ಗಾಳಿಯ ತೇವವನ್ನು ಬೇಗ ಹೀರುತ್ತದೆ. ಫ್ರೀಟೌನಿನಲ್ಲಿ ಮಳೆಗಾಲ ಮೇ ತಿಂಗಳಿನಿಂದ ಅಕ್ಟೋಬರಿನ ತನಕ ಇರುತ್ತದೆ. ನಾನು ತಲುಪಿದಾಗ ಸಕಲೇಶಪುರದ ಆಗಸ್ಟಿನಂತೆ ಎಲ್ಲವೂ ತೊಯ್ದಿತ್ತು. ನಲವತ್ತು ಪಾಲಿನ ಪುಡಿ ಪೊಟ್ಟಣ ಒಡೆದ ನಾಲ್ಕನೇ ದಿನಕ್ಕೆ ಗಟ್ಟಿಕಟ್ಟಿ, ಫಿಲ್ಟರಿನ ತೂತುಗಳನ್ನು ಅಂಟಿನಂತೆ ಮುಚ್ಚಿತು. ರಾತ್ರಿ ಹಾಕಿದ ನೀರು ಬೆಳಿಗ್ಗೆಯೂ ಮೇಲೆಯೇ ನಿಂತಿರುತ್ತಿತ್ತು. ಇಪ್ಪತ್ತು ಪಾಲಿನ ಪುಡಿ ಆ ತೊಂದರೆ ಕೊಡಲಿಲ್ಲ. ಡಿಸೆಂಬರಿನಲ್ಲಿ ಸಹಾರಾ ಕಡೆಯಿಂದ ಹರ್ಮಟಾನ್ ಎಂಬ ಒಣಗಾಳಿ ಧೂಳಿನೊಡನೆ ಬೀಸತೊಡಗಿದ ಮೇಲೆ ಎರಡೂ ಪುಡಿಗಳು ಸಮನಾಗಿ ನಡೆದವು. ಸಮುದ್ರತೀರಕ್ಕೆ ಹೋಗುವವರು ಚಿಕೋರಿ ಕಡಿಮೆಯಿರುವ ಪುಡಿಯನ್ನು, ತುಸು ತರಿಯಾಗಿ ಬೀಸಿಸಿ ಒಯ್ಯಬೇಕೆಂದು ನನ್ನ ಸಲಹೆ.

ನೀರಿನ ಬಗ್ಗೆಯೂ ಒಂದು ಮಾತು. ಸಮುದ್ರಮಟ್ಟದಿಂದ ಸಾವಿರ ಮೀಟರಿನ ಆಸುಪಾಸಿನಲ್ಲಿರುವ ನಮ್ಮ ಹಾಸನದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಬಂದರಿನಲ್ಲಿ ಪೂರ್ತಿ ನೂರಕ್ಕೆ. ಹಾಗಾಗಿ ಅಲ್ಲಿ ಡಿಕಾಕ್ಷನ್ ಹೆಚ್ಚು ಕಹಿಯಾದೀತೆಂದು ಮೊದಲು ಅಂದುಕೊಂಡಿದ್ದೆ. ಆದರೆ ಊಟದ ಕೋಣೆಯ ಬಿಸಿನೀರಿನ ಪಾತ್ರೆಯಿಂದ ಹಿಡಿದು ತರುವಷ್ಟರಲ್ಲಿ ನೀರು ಮನೆಯ ಹದಕ್ಕೇ ಬರುತ್ತಿತ್ತು. ಹಾಲು ಮಾತ್ರ ಡಬ್ಬಿಯ ದೀರ್ಘಬಾಳಿಕೆಯ ಹಾಲು. ಎಮ್ಮೆ ಹಾಲಿನ ಕಾಫಿ ಕುಡಿದು ಬೆಳೆದ ನಾಲಿಗೆಗೆ ಅದರಲ್ಲಿ ಸಣ್ಣದೊಂದು ಸಿಹಿವಾಸನೆ ತಟ್ಟುತ್ತದೆ. ಗಟ್ಟಿ ಡಿಕಾಕ್ಷನ್ ಇದ್ದರೆ ಅದು ಮುಚ್ಚಿಹೋಗುತ್ತದೆ.

ನನ್ನ ವಾರ್ಡಿನಲ್ಲಿ ಮುಖದ ಗೆಡ್ಡೆ, ಸೀಳುತುಟಿ, ಕುತ್ತಿಗೆಯ ಗಾಯಿಟರ್‌ಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಇರುತ್ತಿದ್ದರು. ರೋಗಿಯ ಜೊತೆಗೆ ಬಂದವರು ಮಂಚದ ಕೆಳಗೇ ಹಾಸಿಗೆ ಹಾಸಿಕೊಂಡು ಮಲಗುತ್ತಾರೆ. ಅದನ್ನು ಮೊದಲ ದಿನ ಕಂಡಾಗ ನಮ್ಮ ಜಿಲ್ಲಾಸ್ಪತ್ರೆಗಳ ಹೆರಿಗೆ ವಾರ್ಡಿನ ನೆನಪಾಯಿತು. ಪಾಳಿ ಮುಗಿಸಿ ಮೇಲೆ ಬಂದು, ಮೂರು ಚಮಚ ಪುಡಿ ತುಂಬಿ, ಬಿಲ್ಲೆ ಒತ್ತಿ, ನೀರು ಹುಯ್ದು ಕಾಯುವುದು ನನ್ನ ಸಂಜೆಯ ಕ್ರಮವಾಯಿತು. ಮೊದಲ ವಾರ ಒಬ್ಬಳೇ ಕೂತಿದ್ದೆ. ಎರಡನೇ ವಾರ ನೆದರ್‌ಲ್ಯಾಂಡ್ಸಿನ ಒಬ್ಬ ದಾದಿ, ಇದೇನು, ಯಾವಾಗ ಮುಗಿಯುತ್ತದೆ ಎಂದು ಕೇಳಿ, ಉತ್ತರ ತಿಳಿದ ಮೇಲೂ ಎದ್ದು ಹೋಗದೆ ಕೂತಳು. ಮೂರನೇ ವಾರಕ್ಕೆ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುವ ಕ್ಯಾಮರೂನಿನ ಗೆಳೆಯನೊಬ್ಬ ಬಂದ. ತನ್ನ ತಂದೆಯ ಊರಿನಲ್ಲಿ ಕಾಫಿ ಬೆಳೆಯುತ್ತಾರೆ, ಆದರೆ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ, ಚೀಲ ತುಂಬಿ ಮಾರುತ್ತಾರೆ ಎಂದ. ನಮ್ಮ ಕಡೆಯ ತೋಟದ ಕೂಲಿಯವರ ಮನೆಗಳಲ್ಲಿ ಬಹುಕಾಲ ಇದ್ದ ಸ್ಥಿತಿಯೂ ಅದೇ ಎಂದು ನಾನು ಹೇಳಿದೆ. ಆ ಸಂಜೆ ಎರಡನೇ ಡಿಕಾಕ್ಷನ್ನೂ ಖಾಲಿಯಾಯಿತು.

ನಾಲ್ಕನೆಯವಳು ಸ್ಥಳೀಯ ಹುಡುಗಿ. ಹಡಗಿನಲ್ಲಿ ಊರಿನವರನ್ನು ಡೇ ಕ್ರೂ ಎಂದು ಸಂಬಳಕ್ಕೆ ನೇಮಿಸಿಕೊಳ್ಳುತ್ತಾರೆ. ವಾರ್ಡಿನಲ್ಲಿ ಅವರೇ ನಮ್ಮ ಬಾಯಿ ಮತ್ತು ಕಿವಿ. ಅವಳು ಕ್ರಿಯೋ, ಮೆಂಡೆ, ಇಂಗ್ಲಿಷ್ ಮೂರನ್ನೂ ಬಲ್ಲವಳು. ಕ್ರಿಯೋ ಭಾಷೆಯಲ್ಲಿ 'ಕುಶೆ' ಎಂದರೆ ನಮಸ್ಕಾರ. 'ಹೌ ದಿ ಬಾಡಿ?' ಎಂದು ಕೇಳಿದರೆ 'ದಿ ಬಾಡಿ ಫೈನ್' ಎಂದು ಉತ್ತರಿಸಬೇಕು. ದೇಹ ಹೇಗಿದೆ ಎಂದು ವಿಚಾರಿಸದೆ ಅಲ್ಲಿ ಯಾವ ಮಾತೂ ಮುಂದುವರಿಯುವುದಿಲ್ಲ, ನಮ್ಮಲ್ಲಿ ಊಟವಾಯಿತೇ ಎಂದು ಕೇಳದೆ ಮುಂದುವರಿಯದ ಹಾಗೆ. ವಯಸ್ಸಿನಲ್ಲಿ ಹಿರಿಯಳಾದ ನನ್ನನ್ನು ಅವಳು ಆಂಟಿ ಎಂದೇ ಕರೆಯುತ್ತಿದ್ದಳು. ಅದು ಅವರಲ್ಲೂ ಗೌರವದ ಮಾತು. ಈ ಮೂವರೊಡನೆ ನಾನು ಬಂದರಿನ ಗೇಟು ದಾಟಿ ಊರೊಳಗೆ ತಿರುಗಾಡಲು ಆರಂಭಿಸಿದ್ದು ನವೆಂಬರಿನಲ್ಲಿ. ಅಂದಿನಿಂದ ಫಿಲ್ಟರಿಗೂ ಹಡಗಿನ ಹೊರಗಿನ ಬಳಕೆ ಶುರುವಾಯಿತು.

ಹತ್ತಿರದ ತಿರುಗಾಟವೆಂದರೆ ಬಂದರಿರುವ ಕ್ಲೈನ್ ಟೌನ್ ಪ್ರದೇಶದಲ್ಲೇ ಇರುವ ರೈಲ್ವೆ ವಸ್ತುಸಂಗ್ರಹಾಲಯ. ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಓಡುತ್ತಿದ್ದ ಆ ದೇಶದ ಸರ್ಕಾರಿ ರೈಲು 1970ರ ದಶಕದಲ್ಲಿ ನಿಂತುಹೋಯಿತು. ಅದರ ಎಂಜಿನ್ನುಗಳನ್ನೂ 1961ರಲ್ಲಿ ಬ್ರಿಟನ್ನಿನ ರಾಣಿಯ ಭೇಟಿಗೆಂದು ಸಿದ್ಧಪಡಿಸಿದ ಬೋಗಿಯನ್ನೂ ಅಲ್ಲಿ ಒರೆಸಿ ತಿಕ್ಕಿ ಇಟ್ಟಿದ್ದಾರೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ ಎಂದು ನಾನು ಹೇಳಿದಾಗ ಎಂಜಿನ್ ಕೋಣೆಯ ಗೆಳೆಯ ನಂಬದೆ, ಸಂಖ್ಯೆಯನ್ನು ಮತ್ತೊಮ್ಮೆ ಹೇಳಿಸಿಕೊಂಡ. ಇಂಥ ಹತ್ತಿರದ ನಡಿಗೆಗೆ ಫಿಲ್ಟರನ್ನು ಒಯ್ಯಬೇಕಾಗಿಲ್ಲ. ಇಳಿಸಿದ ಡಿಕಾಕ್ಷನ್ನನ್ನು ಸಣ್ಣ ಫ್ಲಾಸ್ಕಿನಲ್ಲಿ ಹಾಕಿಕೊಂಡರೆ ಮೂರು ಗಂಟೆಯವರೆಗೆ ರುಚಿ ಕೆಡುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ಕೆಡುತ್ತದೆ, ಬಿಸಿಯಿದ್ದರೂ ಕೆಡುತ್ತದೆ.

ಮರಳುವ ದಾರಿಯಲ್ಲಿ ಒಂದು ಅಟಾಯಾ ಕಟ್ಟೆಯಿತ್ತು. ಕಟ್ಟೆ ಎಂಬುದು ನನ್ನ ಅನುವಾದ; ಅಲ್ಲಿನವರು ಅಟಾಯಾ ಬೇಸ್ ಎನ್ನುತ್ತಾರೆ. ಚೀನಾದ ಹಸಿರು ಚಹಾವನ್ನು ಇದ್ದಿಲ ಒಲೆಯ ಮೇಲೆ ಪುಟ್ಟ ಕೆಟಲಿನಲ್ಲಿ ಬಹಳ ಹೊತ್ತು ಕುದಿಸಿ, ಸಕ್ಕರೆ ಸುರಿದು, ಎರಡು ಪುಟ್ಟ ಗಾಜಿನ ಲೋಟಗಳ ನಡುವೆ ಎತ್ತರದಿಂದ ಹುಯ್ದು ಹುಯ್ದು ನೊರೆ ಬರಿಸುತ್ತಾರೆ. ಯುವಕರು ಸುತ್ತಲೂ ಬೆಂಚುಗಳ ಮೇಲೆ ಕೂತು ಫುಟ್‌ಬಾಲಿನಿಂದ ರಾಜಕೀಯದವರೆಗೆ ಎಲ್ಲವನ್ನೂ ಚರ್ಚಿಸುತ್ತಾರೆ. ಹುಯ್ಯುವವನ ಮೊಣಕೈ ಏರುವ ರೀತಿಯನ್ನು ಕಂಡಾಗ ಬೇಲೂರಿನ ಬಸ್ ನಿಲ್ದಾಣದ ಹೋಟೆಲಿನವರ ಕೈಯೇ ಕಣ್ಣಿಗೆ ಬಂತು. ಮುಂದಿನ ವಾರ ನಾನು ಫಿಲ್ಟರನ್ನೂ ಲೋಟ ಬಟ್ಟಲುಗಳನ್ನೂ ಕೈಚೀಲದಲ್ಲಿ ಹಾಕಿಕೊಂಡು ಅಲ್ಲಿಗೆ ಹೋದೆ. ಅವರ ಕೆಟಲಿನ ನೀರು, ನನ್ನ ಪುಡಿ. ಅವರ ಚಹಾ ಮೊದಲ ಸುತ್ತಿಗೆ ಸಿದ್ಧವಾಗಲು ಎಷ್ಟು ಹೊತ್ತು ಬೇಕಾಯಿತೋ ನನ್ನ ಡಿಕಾಕ್ಷನ್ ಇಳಿಯಲೂ ಅಷ್ಟೇ ಹೊತ್ತು ಬೇಕಾಯಿತು. ಕಾಯುವುದನ್ನು ಅಲ್ಲಿ ಯಾರೂ ಪ್ರಶ್ನಿಸಲಿಲ್ಲ. ಬಿಸಿ ಮಾಡಿದ ಡಬ್ಬಿ ಹಾಲಿಗೆ ಡಿಕಾಕ್ಷನ್ ಬೆರೆಸಿ ಲೋಟದಿಂದ ಬಟ್ಟಲಿಗೆ ಎತ್ತಿ ಹುಯ್ದಾಗ ಹುಯ್ಯುವ ಹುಡುಗ ಎದ್ದು ಬಂದು ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡ. ನನಗಿಂತ ಒಂದು ಮೊಳ ಎತ್ತರದಿಂದ ಹುಯ್ದ. ಒಂದು ಹನಿಯೂ ಚೆಲ್ಲಲಿಲ್ಲ. ಆಮೇಲೆ ಆ ದಾರಿಯಲ್ಲಿ ಹೋದಾಗಲೆಲ್ಲ 'ಆಂಟಿ, ಕುಶೆ' ಎಂಬ ಕೂಗು ಕೇಳಿಬರುತ್ತಿತ್ತು.

ಜನವರಿಯ ಒಂದು ಭಾನುವಾರ ನಗರದ ದಕ್ಷಿಣಕ್ಕೆ, ಪರ್ಯಾಯದ್ವೀಪದ ಪಶ್ಚಿಮ ದಂಡೆಯಲ್ಲಿರುವ ರಿವರ್ ನಂಬರ್ ಟೂ ಎಂಬ ಕಡಲತೀರಕ್ಕೆ ನಾಲ್ವರೂ ಹೋದೆವು. ಹೊಳೆಯೊಂದು ಕಾಡಿನ ಬೆಟ್ಟಗಳಿಂದ ಇಳಿದು ಬಂದು ಬಿಳಿ ಮರಳಿನ ಮೇಲೆ ಸಮುದ್ರವನ್ನು ಸೇರುವ ಜಾಗ. ಊರಿನವರೇ ಸಂಘ ಕಟ್ಟಿಕೊಂಡು ತೀರವನ್ನು ನೋಡಿಕೊಳ್ಳುತ್ತಾರೆ. ಬಿಸಿನೀರನ್ನು ದೊಡ್ಡ ಫ್ಲಾಸ್ಕಿನಲ್ಲಿ ಒಯ್ದು ಅಲ್ಲಿಯೇ ಡಿಕಾಕ್ಷನ್ ಇಳಿಸಿದೆವು. ಹುರಿದ ಮೀನು, ಅನ್ನ, ಮರಗೆಣಸಿನ ಸೊಪ್ಪಿನ ಗಟ್ಟಿ ಸಾರು, ಅದರ ಮೇಲೆ ಕಾಫಿ. ಅನ್ನ ಉಣ್ಣದಿದ್ದರೆ ಆ ದಿನ ಊಟವೇ ಆಗಲಿಲ್ಲವೆಂದು ಅಲ್ಲಿನವರು ಹೇಳುವುದನ್ನು ಕೇಳಿ, ಮುದ್ದೆಯ ವಿಷಯದಲ್ಲಿ ನನ್ನ ತಂದೆ ಹೇಳುತ್ತಿದ್ದ ಮಾತನ್ನು ಅವರಿಗೆ ತಿಳಿಸಿದೆ. ಊಟವಾದ ಮೇಲೆ ಹೊಳೆಯ ನೀರಿನಲ್ಲಿ ಫಿಲ್ಟರ್ ತೊಳೆಯುವಾಗ ಸಮುದ್ರದ ಇಳಿತ ಶುರುವಾಗಿತ್ತು. ಒತ್ತುವ ಬಿಲ್ಲೆ ಕೈಜಾರಿ, ಹೊಳೆಯ ಸೆಳೆತಕ್ಕೆ ಸಿಕ್ಕಿ ಕಣ್ಣೆದುರೇ ಹೋಯಿತು. ಡಚ್ ಗೆಳತಿ ಸೊಂಟದವರೆಗಿನ ನೀರಿಗೆ ಇಳಿದು ಅರ್ಧ ಗಂಟೆ ಹುಡುಕಿದಳು. ಸಿಗಲಿಲ್ಲ.

ಬಿಲ್ಲೆಯಿಲ್ಲದ ಫಿಲ್ಟರ್ ಎಷ್ಟು ಅಪೂರ್ಣ ಎಂಬುದನ್ನು ಮುಂದಿನ ಒಂಬತ್ತು ದಿನ ಕಂಡೆ. ನೀರು ಹುಯ್ದೊಡನೆ ಪುಡಿ ತೇಲಿ ಮೇಲೆ ಬರುತ್ತದೆ, ನೀರು ಬದಿಯಿಂದ ದಾರಿ ಮಾಡಿಕೊಂಡು ಇಳಿದುಬಿಡುತ್ತದೆ, ಡಿಕಾಕ್ಷನ್ ಎಂಟೇ ನಿಮಿಷದಲ್ಲಿ ಮುಗಿದು ಚಹಾದಂತೆ ತೆಳ್ಳಗಾಗುತ್ತದೆ. ಹತ್ತನೇ ದಿನ ಕ್ಯಾಮರೂನಿನ ಗೆಳೆಯ ಕರವಸ್ತ್ರದಲ್ಲಿ ಸುತ್ತಿದ ಒಂದು ವಸ್ತುವನ್ನು ಮೇಜಿನ ಮೇಲಿಟ್ಟ. ಅಡುಗೆಮನೆಯವರು ಎಸೆಯಲು ತೆಗೆದಿಟ್ಟಿದ್ದ ದಪ್ಪ ಸ್ಟೀಲ್ ಟ್ರೇಯೊಂದರಿಂದ ವೃತ್ತ ಕತ್ತರಿಸಿ, ಅಂಚು ಉಜ್ಜಿ, ಸಾಲಾಗಿ ತೂತು ಕೊರೆದು, ನಡುವೆ ಕಡ್ಡಿ ಬೆಸೆದಿದ್ದ ಹೊಸ ಬಿಲ್ಲೆ ಅದು. ಫಿಲ್ಟರಿನ ಒಳಸುತ್ತಳತೆಯನ್ನು ಅವನು ಎಂದು ಅಳೆದುಕೊಂಡಿದ್ದನೋ ನನಗೆ ತಿಳಿಯದು. ಹಳೆಯದರ ಎರಡರಷ್ಟು ಭಾರವಿದ್ದುದರಿಂದ ಪುಡಿ ಚೆನ್ನಾಗಿ ಕೂತು, ಡಿಕಾಕ್ಷನ್ ಇಳಿಯಲು ಐದು ನಿಮಿಷ ಹೆಚ್ಚು ಹಿಡಿದು, ಹಿಂದೆಂದಿಗಿಂತ ಗಟ್ಟಿಯಾಗಿ ಬಂತು. ಅಂಗಡಿಯವರು ಕೊಟ್ಟ ಬಿಲ್ಲೆ ತೀರ ಹಗುರ ಎಂಬ ದೋಷ, ಅದು ಕಳೆದುಹೋಗದಿದ್ದರೆ ನನಗೆ ಗೊತ್ತಾಗುತ್ತಲೇ ಇರಲಿಲ್ಲ.

ಮಾರ್ಚಿನ ಕೊನೆಗೆ ಪುಡಿ ಮುಗಿಯಿತು. ನಗರದ ಅಂಗಡಿಗಳಲ್ಲಿ ಸಿಗುತ್ತಿದ್ದುದು ಬಹುತೇಕ ನೀರಲ್ಲಿ ಕರಗುವ ಕಾಫಿಯೇ. ಅನುವಾದಕಿ ಹುಡುಗಿ ಪೂರ್ವದ ಕೆನೆಮಾ ಕಡೆಯವಳು. ಅಲ್ಲಿನ ಜಿಲ್ಲೆಗಳಲ್ಲಿ ರೊಬಸ್ಟಾ ಬೆಳೆಯುತ್ತಾರೆ. ಊರಿಗೆ ಹೋಗಿ ಬಂದಾಗ ಒಂದು ಸಣ್ಣ ಚೀಲ ಹಸಿ ಬೀಜ ತಂದಳು. ಬೆಟ್ಟದ ಇಳಿಜಾರಿಗೆ ಅಂಟಿಕೊಂಡಂತಿರುವ ಓಣಿಯಲ್ಲಿ ಅವಳ ಚಿಕ್ಕಮ್ಮನ ಮನೆ. ಅಂಗಳದಲ್ಲಿ ಇದ್ದಿಲ ಒಲೆಯ ಮೇಲೆ ಕಬ್ಬಿಣದ ಬಾಣಲೆ ಇಟ್ಟು ನಾನು ಹುರಿದೆ, ಅವರು ಮರದ ಒರಳಿನಲ್ಲಿ ಒನಕೆಯಿಂದ ಕುಟ್ಟಿದರು. ಬೀಜ ಸಿಡಿಯುವ ಸದ್ದು ಬಂದೊಡನೆ ಬಾಣಲೆ ಇಳಿಸಬೇಕೆಂದು ನನ್ನ ಅಜ್ಜಿ ಮೂಡಿಗೆರೆಯ ಮನೆಯಲ್ಲಿ ಹೇಳಿಕೊಟ್ಟದ್ದನ್ನು ನಾನು ಕನ್ನಡದಲ್ಲೇ ಹೇಳಿದೆನಂತೆ. ಚಿಕ್ಕಮ್ಮ ಅದಕ್ಕೆ ಮೆಂಡೆಯಲ್ಲಿ ಉತ್ತರಿಸಿ ಬಾಣಲೆ ಇಳಿಸಿದರು. ಫಿಲ್ಟರಿನ ಮಿತಿ ಅಲ್ಲಿ ಕಂಡಿತು. ಒನಕೆಯಲ್ಲಿ ಕುಟ್ಟಿದ ಪುಡಿಯಲ್ಲಿ ನುಚ್ಚೂ ಹಿಟ್ಟೂ ಬೆರೆತಿರುವುದರಿಂದ ಮೊದಲ ಡಿಕಾಕ್ಷನ್ ಬೇಗ ಇಳಿದು ತೆಳುವಾಯಿತು, ಕೆಳಗೆ ಚರಟವೂ ಇಳಿಯಿತು. ಬಿಳಿ ಬಟ್ಟೆಯ ತುಂಡೊಂದನ್ನು ತಳಕ್ಕೆ ಹಾಸಿ ಮತ್ತೊಮ್ಮೆ ಮಾಡಿದಾಗ ಸರಿಹೋಯಿತು. ಹಾಲು ಬೆರೆಸದೆ, ಶುಂಠಿ ಜಜ್ಜಿ ಹಾಕಿ ಕುಡಿದೆವು.

ನಮ್ಮ ಬೆಳೆಗಾರರು ತಿಳಿಯಬೇಕಾದ ಒಂದು ಸಂಗತಿ ಆ ಕೆನೆಮಾದ ಹೆಸರಿನೊಡನೆ ಸೇರಿಕೊಂಡಿರುವುದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಸ್ಟೆನೊಫಿಲ್ಲಾ ಎಂಬ ಕಾಡುಕಾಫಿಯ ಜಾತಿ ಸಿಯೆರಾ ಲಿಯೋನಿನಲ್ಲಿ ದಶಕಗಳಿಂದ ಕಣ್ಮರೆಯಾಗಿತ್ತು. 2018ರಲ್ಲಿ ಬ್ರಿಟನ್ನಿನ ಕ್ಯೂ ಸಸ್ಯೋದ್ಯಾನದ ಏರನ್ ಡೇವಿಸ್, ಗ್ರೀನಿಚ್ ವಿಶ್ವವಿದ್ಯಾಲಯದ ಜೆರೆಮಿ ಹ್ಯಾಗರ್ ಮತ್ತು ಅದೇ ದೇಶದ ಕಾಫಿ ತಜ್ಞ ಡೇನಿಯಲ್ ಸರ್ಮು ಅದನ್ನು ಮತ್ತೆ ಪತ್ತೆಹಚ್ಚಿದರು. ಕೆನೆಮಾ ಬಳಿಯ ಕಾಂಬುಯಿ ಬೆಟ್ಟಗಳಲ್ಲಿ ಗಿಡಗಳು ಸಿಕ್ಕವು. ಅದರ ಹಣ್ಣು ಕಪ್ಪು. ರುಚಿ ಅರೇಬಿಕಾವನ್ನು ಹೋಲುತ್ತದೆ, ಆದರೆ ಅರೇಬಿಕಾ ತಾಳುವುದಕ್ಕಿಂತ ಆರು ಡಿಗ್ರಿಯಷ್ಟು ಹೆಚ್ಚು ಬಿಸಿಲಿನ ನೆಲದಲ್ಲಿ ಬೆಳೆಯುತ್ತದೆ ಎಂದು 2021ರಲ್ಲಿ ಅವರು ಪ್ರಕಟಿಸಿದರು. ಬಾಬಾಬುಡನ್ ತಂದರೆಂದು ಹೇಳುವ ಏಳು ಬೀಜಗಳ ಬೆಟ್ಟದ ತಪ್ಪಲಿನಲ್ಲಿ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ನೆರೆಯಲ್ಲಿ ಬದುಕುವ ನಮಗೆ ಇದು ದೂರದ ಸುದ್ದಿಯಲ್ಲ. ಹುಡುಗಿಗೆ ಇದನ್ನು ಹೇಳಿದಾಗ, ಆ ಬೆಟ್ಟ ತನ್ನ ಶಾಲೆಯ ಕಿಟಕಿಯಿಂದ ಕಾಣುತ್ತಿತ್ತು ಎಂದಳು.

ಇನ್ನು ಫಿಲ್ಟರಿನ ಉಳಿದ ದೋಷಗಳು. ಬಿಸಿಯಾಗಿರುವಾಗ ಮೇಲಿನ ಪಾತ್ರೆ ಕೆಳಗಿನದಕ್ಕೆ ಕಚ್ಚಿಕೊಂಡು ಬಿಡುತ್ತದೆ. ಬಲವಂತವಾಗಿ ಎಳೆದರೆ ಡಿಕಾಕ್ಷನ್ ಚೆಲ್ಲಿ ಕೈ ಸುಡುತ್ತದೆ. ಐದು ನಿಮಿಷ ತಣಿಯಲು ಬಿಟ್ಟು ತಿರುಗಿಸಿ ತೆಗೆಯಬೇಕು. ಹಿಡಿಯಿಲ್ಲ. ತಗಡು ತೆಳು, ವಿಮಾನದ ಪ್ರಯಾಣದಲ್ಲೇ ಅಂಚು ನೆಗ್ಗಿ ಮುಚ್ಚಳ ಸಡಿಲವಾಗಿತ್ತು. ಎಲ್ಲಕ್ಕಿಂತ ದೊಡ್ಡ ತೊಂದರೆ ತೂತು ಕಟ್ಟಿಕೊಳ್ಳುವುದು. ಮನೆಯಲ್ಲಾದರೆ ಮೇಲಿನ ಪಾತ್ರೆಯ ತಳವನ್ನು ಒಲೆಯ ಉರಿಗೆ ಹಿಡಿದರೆ ಒಳಗಿನ ಚರಟ ಸುಟ್ಟು ತೂತು ತೆರೆದುಕೊಳ್ಳುತ್ತದೆ. ಹಡಗಿನಲ್ಲಿ ಆ ಉಪಾಯ ಸಾಧ್ಯವಿಲ್ಲದ್ದರಿಂದ ವಾರಕ್ಕೊಮ್ಮೆ ಬಿಸಿನೀರು ಮತ್ತು ವಿನೆಗರ್‌ನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದೆ.

ಅಳತೆಯ ವಿಷಯದಲ್ಲಿ, ಒಬ್ಬರೇ ಹೋಗುತ್ತೀರೆಂದು ಎರಡು ಲೋಟದ್ದನ್ನು ಕೊಳ್ಳಬೇಡಿ. ನಾಲ್ಕು ಲೋಟದ್ದನ್ನೇ ಕೊಳ್ಳಿರಿ. ಪೆಟ್ಟಿಗೆಯಲ್ಲಿಡುವಾಗ ಒಳಗೆ ಕಾಲುಚೀಲ ತುರುಕಿ ಬಟ್ಟೆಯ ನಡುವೆ ಇಡಬೇಕು. ಕೈಚೀಲದಲ್ಲಿಟ್ಟರೆ ತಪಾಸಣೆಯವರು ತೆಗೆಸಿ ನೋಡುತ್ತಾರೆ. ಪ್ರಯಾಣದ ಉಳಿದ ಸಿದ್ಧತೆಯ ಬಗ್ಗೆ ಕೇಳುವವರಿಗೆ ಒಂದೇ ಎಚ್ಚರಿಕೆ: ಸಿಯೆರಾ ಲಿಯೋನಿಗೆ ಹೋಗಲು ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕಡ್ಡಾಯ, ಹಿಂತಿರುಗುವಾಗ ಭಾರತದಲ್ಲೂ ಅದನ್ನು ಕೇಳುತ್ತಾರೆ. ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಅದಕ್ಕೆ ಮಾನ್ಯತೆ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಸಿಗುವುದರಿಂದ ನಾನು ಬೆಂಗಳೂರಿಗೆ ಹೋಗಿ ಹಾಕಿಸಿಕೊಂಡೆ.

2024ರ ಮೇ ತಿಂಗಳಲ್ಲಿ ಊರಿಗೆ ಮರಳಿದ ಎರಡನೇ ವಾರ ಆ ಪಾತ್ರೆ ಅಂಗಡಿಗೆ ಹೋಗಿ ಯಜಮಾನರಿಗೆ ಫಿಲ್ಟರನ್ನು ತೋರಿಸಿ, ಬಿಲ್ಲೆ ಹಗುರವಾಗಿತ್ತೆಂದು ಹೇಳಿದೆ. ಅವರು ಬೇಸರಿಸಿಕೊಳ್ಳದೆ, ಬಿಲ್ಲೆ ಬಿಡಿಯಾಗಿಯೂ ಸಿಗುತ್ತದೆ ಸಿಸ್ಟರ್, ನಲವತ್ತು ರೂಪಾಯಿ ಎಂದು ಹೊಸದೊಂದನ್ನು ತೆಗೆದುಕೊಟ್ಟರು. ಹಡಗಿನ ಬಿಲ್ಲೆಯನ್ನು ಒಂದು ಅಂಗೈಯಲ್ಲೂ ಹೊಸದನ್ನು ಇನ್ನೊಂದರಲ್ಲೂ ಇಟ್ಟು ತೂಗಿ ನೋಡಿದರು. ಯಾವ ಊರಿನ ಕೆಲಸ ಇದು ಎಂದು ಕೇಳಿದರು. ಹೇಳಿದೆ. ಹೊಸದನ್ನು ಡಬ್ಬಿಗೆ ವಾಪಸು ಹಾಕಿ, ಇದನ್ನೇ ಇಟ್ಟುಕೊಳ್ಳಿ ಎಂದರು. ಅಂದು ನಾಲ್ಕು ಲೋಟದ ಅಳತೆಯ ಮೂರು ಫಿಲ್ಟರ್‌ಗಳನ್ನು ಕೊಂಡೆ, ತಗಡು ದಪ್ಪವಿರುವುದನ್ನೇ ಆರಿಸಿ, ಒಂದೊಂದಕ್ಕೆ 510 ರೂಪಾಯಿ. ಒಂದು ನೆದರ್‌ಲ್ಯಾಂಡ್ಸಿಗೆ, ಒಂದು ಕ್ಯಾಮರೂನಿಗೆ, ಒಂದು ಫ್ರೀಟೌನಿನ ಬೆಟ್ಟದ ಓಣಿಗೆ. ಮೂರನೆಯದರ ಒಳಗೆ ಬಿಳಿ ಬಟ್ಟೆಯ ವೃತ್ತಗಳನ್ನು ಕತ್ತರಿಸಿ ಇಟ್ಟಿದ್ದೇನೆ, ಒನಕೆಯಲ್ಲಿ ಕುಟ್ಟಿದ ಪುಡಿಗೆ ಬೇಕಾಗುತ್ತದೆ.